ಜನ ಬೇರೆಯಾ, ಕಾನೂನು ಬೇರೆಯಾ? ವೋಟು, ಹಾಲು, ಪೆಟ್ರೋಲು, ಬೆಲ್ಲ

ಸರಸ್ವತಿಪುರಂ_ಅಮ್ಮ · ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ನಿಮ್ಮ ಹತ್ತಿರ ಕೇಳೋಣ ಅಂತ ಬರೆಯುತ್ತಿದ್ದೇನೆ.

ನನ್ನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಅಲ್ಲಿನ ಪೌರತ್ವವೂ ಸಿಕ್ಕಿದೆ. 2025ರ ಮೇ 3ಕ್ಕೆ ಅಲ್ಲಿ ಚುನಾವಣೆ ಇತ್ತು. ಆಗ ನಾನು ಅವನ ಮನೆಯಲ್ಲೇ ಇದ್ದೆ. ಶನಿವಾರ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಹತ್ತು ಗಂಟೆಗೆ ಸೊಸೆ ಎಬ್ಬಿಸಿದಳು, "ಏಳಿ, ವೋಟು ಹಾಕದಿದ್ದರೆ 20 ಡಾಲರ್ ದಂಡ." ಎದ್ದ, ಮುಖ ತೊಳೆದ, ಹೊರಟೇಬಿಟ್ಟ. ನಾನೂ ಜೊತೆಗೆ ಹೋದೆ. ಅದು ಮಕ್ಕಳ ಶಾಲೆ. ಗೇಟಿನ ಹತ್ತಿರ ಅಪ್ಪ ಅಮ್ಮಂದಿರು ಒಲೆ ಇಟ್ಟುಕೊಂಡು ಸಾಸೇಜ್ ಸುಡುತ್ತಿದ್ದರು. ಬ್ರೆಡ್ಡಿನಲ್ಲಿ ಈರುಳ್ಳಿ ಜೊತೆ ಇಟ್ಟು ಕೊಡುತ್ತಾರೆ, ಬಂದ ದುಡ್ಡು ಶಾಲೆಗೆ. ಒಳ್ಳೆ ಜಾತ್ರೆ ಥರ ಇತ್ತು. ಅವನು ಒಳಗೆ ಹೋಗಿ ಚೀಟಿಯಲ್ಲಿ ಎಲ್ಲ ಅಭ್ಯರ್ಥಿಗಳಿಗೂ 1, 2, 3 ಅಂತ ನಂಬರ್ ಹಾಕಿ ಬಂದ. ಅರ್ಧ ಗಂಟೆಯಲ್ಲಿ ಮನೆಗೆ ವಾಪಸ್ಸು.

ಇದೇ ಹುಡುಗ ಮೈಸೂರಲ್ಲಿದ್ದಾಗ ಎರಡು ಸಲ ವೋಟು ತಪ್ಪಿಸಿದ್ದ. ಒಂದು ಸಲ ರಜೆ ಸಿಕ್ಕಿತು ಅಂತ ಗೆಳೆಯರ ಜೊತೆ ಮಡಿಕೇರಿಗೆ ಹೋಗಿದ್ದ. ನಾನು ಎಷ್ಟು ಬೈದಿದ್ದೆನೋ ನನಗೇ ಗೊತ್ತು. ಇಲ್ಲಿ ಅಂಗಡಿಗೆ ಕೈಬೀಸಿಕೊಂಡು ಹೋಗುತ್ತಿದ್ದವನು ಅಲ್ಲಿ ಬಟ್ಟೆ ಚೀಲ ಮಡಚಿ ಕಾರಿನಲ್ಲಿ ಇಟ್ಟಿರುತ್ತಾನೆ. ಹಾಗಾದರೆ ಬದಲಾಗಿದ್ದು ನನ್ನ ಮಗನಾ, ಅವನ ಸುತ್ತ ಇರೋ ಕಾನೂನಾ? ಬೇರೆ ಬೇರೆ ದೇಶ ನೋಡಿದವರು ಹೇಳಿ.

ಮದ್ದೂರ್_ವಡೆ · 7:52

ದಂಡ ಆಂಟಿ, ದಂಡ. 20 ಆಸ್ಟ್ರೇಲಿಯಾ ಡಾಲರ್ ಅಂದರೆ ನಮ್ಮ ಸಾವಿರ ರೂಪಾಯಿ ದಾಟುತ್ತದೆ.

ಹಳೇ_ಮೇಷ್ಟ್ರು · 8:15

ಅಮ್ಮ, ನಿಮ್ಮ ಪ್ರಶ್ನೆಗೆ ಆಸ್ಟ್ರೇಲಿಯಾದ ಚರಿತ್ರೆಯಲ್ಲೇ ಉತ್ತರ ಇದೆ. 1922ರಲ್ಲಿ ಅಲ್ಲಿ ನೂರಕ್ಕೆ 60 ಜನ ಕೂಡ ವೋಟು ಹಾಕಿರಲಿಲ್ಲ. 1924ರಲ್ಲಿ ಕಡ್ಡಾಯ ಮಾಡಿದರು. 1925ರ ಚುನಾವಣೆಯಲ್ಲಿ 91 ದಾಟಿತು. ಮೂರು ವರ್ಷಕ್ಕೆ ಒಂದು ದೇಶದ ಜನ ಬದಲಾಗುತ್ತಾರಾ? ಅದೇ ಜನ, ಅದೇ ಊರು.

ನಜರಬಾದ್_ಹುಡುಗಿ · 8:31

ನನಗೆ ಇದು ಸರಿ ಕಾಣುವುದಿಲ್ಲ ಸಾರ್. ವೋಟು ಹಾಕೋದು ಹಕ್ಕು. ಹಕ್ಕನ್ನು ದಂಡ ಹಾಕಿ ಮಾಡಿಸಿದರೆ ಅದು ಹಕ್ಕು ಹೇಗಾಗುತ್ತದೆ? ಹಾಕದೇ ಇರೋದು ಕೂಡ ಒಂದು ಅಭಿಪ್ರಾಯ ಅಲ್ವಾ?

ಹಳೇ_ಮೇಷ್ಟ್ರು · 8:40

ಅಲ್ಲಿ ಬೂತಿಗೆ ಬಂದು ಚೀಟಿ ಪೆಟ್ಟಿಗೆಗೆ ಹಾಕಬೇಕು, ಅಷ್ಟೇ ಮಗು. ಖಾಲಿ ಚೀಟಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮತ ಗುಟ್ಟು. ನಮ್ಮಲ್ಲಿ ಅದಕ್ಕೇ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ನೋಟಾ ಗುಂಡಿ ತರಿಸಿತು. ಸುಮ್ನೆ ಮನೆಯಲ್ಲಿ ಕೂತರೆ ಅದು ಅಭಿಪ್ರಾಯವೋ ಸೋಮಾರಿತನವೋ ಎಣಿಸುವವರಿಗೆ ಹೇಗೆ ಗೊತ್ತಾಗಬೇಕು?

ಕುವೆಂಪುನಗರ_ಬಸ್‌ಸ್ಟಾಪ್ · 8:44

ಮೊದಲು ಪಟ್ಟಿ ಸರಿ ಮಾಡಲಿ, ಆಮೇಲೆ ದಂಡದ ಮಾತು. 2024ರಲ್ಲಿ ನಾನು, ನನ್ನ ಹೆಂಡತಿ, ನಮ್ಮ ತಂದೆ ಮೂರೂ ಜನ ಒಂದು ಗಂಟೆ ಸಾಲಲ್ಲಿ ನಿಂತೆವು. ನನ್ನ ಹೆಸರಿತ್ತು, ಹೆಂಡತಿ ಹೆಸರಿತ್ತು, 81 ವರ್ಷದ ತಂದೆ ಹೆಸರೇ ಇಲ್ಲ. ಅದೇ ಮನೆ, ಅದೇ ನಂಬರು. 1967ರಿಂದ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ. ವಾಪಸ್ಸು ಬರುವಾಗ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಅವರಿಗೆ ದಂಡ ಹಾಕುತ್ತೀರಾ?

ಸರಸ್ವತಿಪುರಂ_ಅಮ್ಮ · 8:58

ಅಯ್ಯೋ ಪಾಪ. ಓದಿ ಹೊಟ್ಟೆ ಚುರುಕ್ ಅಂದಿತು. ಮಗ ಹೇಳಿದ್ದು ಏನೆಂದರೆ, ಅಲ್ಲಿ ಮನೆ ಬದಲಾಯಿಸಿದರೆ ಬೇರೆ ಸರ್ಕಾರಿ ದಾಖಲೆ ನೋಡಿ ಚುನಾವಣೆಯವರೇ ವಿಳಾಸ ತಿದ್ದಿ ಪತ್ರ ಕಳಿಸುತ್ತಾರಂತೆ. ನಾವೇ ಅಲೆಯಬೇಕಾಗಿಲ್ಲ.

ಹಳೇ_ಮೇಷ್ಟ್ರು · 9:10

ಹೌದು, 2012ರಿಂದ ಆ ವ್ಯವಸ್ಥೆ ಇದೆ. ಬಸ್‌ಸ್ಟಾಪ್ ಅವರ ಮಾತು ಒಪ್ಪುತ್ತೇನೆ. ದಂಡ ಹಾಕುವ ಸರ್ಕಾರ ಮೊದಲು ಪಟ್ಟಿಗೆ ಜವಾಬ್ದಾರಿ ತಗೋಬೇಕು.

ಮದ್ದೂರ್_ವಡೆ · 9:14

ಆದರೆ ಸಾರ್, ದಂಡ ಇಲ್ಲದೇನೇ ನಮ್ಮ ಮಂಡ್ಯದಲ್ಲಿ 2024ರಲ್ಲಿ 81 ದಾಟಿತಲ್ಲ! ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ 53. ನೂರು ಕಿಲೋಮೀಟರ್ ದೂರ, ಒಂದೇ ಕಾನೂನು, ಒಂದೇ ರಜೆ. ಈಗ ಹೇಳಿ, ಜನ ಬೇರೆ ಅಲ್ವಾ?

ವಿಜಯನಗರ_ಎರಡನೇಹಂತ · 9:20

ಮಂಡ್ಯದಲ್ಲಿ ದುಡ್ಡು, ಬಾಡೂಟ, ಜಾತಿ. ಅದಕ್ಕೇ 81. ಇದರಲ್ಲಿ ಹೆಮ್ಮೆ ಪಡೋದು ಏನಿದೆ?

ಕಬ್ಬಿನಗದ್ದೆ_ಪಾಂಡವಪುರ · 9:47

ವಿಜಯನಗರದವರೇ, ಇದು ಬಹಳ ನೋವಿನ ಮಾತು. ದುಡ್ಡು ಹಂಚುವವರು ಎಲ್ಲ ಕಡೆ ಇದ್ದಾರೆ, ಮೈಸೂರಲ್ಲೂ ಇದ್ದಾರೆ. ಅದಕ್ಕೋಸ್ಕರ ಇಷ್ಟು ಜನ ಬಿಸಿಲಲ್ಲಿ ನಿಲ್ಲುವುದಿಲ್ಲ.

ನಾನು ಎರಡು ಎಕರೆ ಕಬ್ಬು ಬೆಳೆಯುತ್ತೇನೆ. ನೀರು ಕೆಆರ್‌ಎಸ್ ನಾಲೆಯಿಂದ. ಯಾವತ್ತು ಬಿಡಬೇಕು, ಎಷ್ಟು ದಿನ ಬಿಡಬೇಕು ಅಂತ ಹೇಳೋದು ಸರ್ಕಾರ. ಕಬ್ಬಿಗೆ ರೇಟು ಕಟ್ಟೋದು ದೆಹಲಿ. 2025-26ಕ್ಕೆ ಕ್ವಿಂಟಲಿಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ ನೂರಕ್ಕೆ 10.25 ಇದ್ದರೆ. ಗೊಬ್ಬರದ ಸಬ್ಸಿಡಿ ಸರ್ಕಾರ. ರಾತ್ರಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಯಾವಾಗ ಕೊಡಬೇಕು ಅನ್ನೋದೂ ಸರ್ಕಾರ. ಬೆಳಿಗ್ಗೆ ಎದ್ದರೆ ಮಲಗುವವರೆಗೂ ನಮಗೆ ಸರ್ಕಾರ ಬೇಕು. ಬೆಂಗಳೂರಿನ ಫ್ಲ್ಯಾಟಿನವರಿಗೆ ನೀರು ಟ್ಯಾಂಕರ್‌ನಿಂದ, ಕರೆಂಟ್ ಹೋದರೆ ಜನರೇಟರ್, ಓದು ಖಾಸಗಿ, ಆಸ್ಪತ್ರೆ ಖಾಸಗಿ. ಎಲ್ಲವನ್ನೂ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ವೋಟಿನಿಂದ ಅವರಿಗೆ ಬರಬೇಕಾದದ್ದು ಕಡಿಮೆ. ಅದಕ್ಕೆ ಅವರು ಬರುವುದಿಲ್ಲ, ನಾವು ಬರುತ್ತೇವೆ. ಇದು ನನ್ನ ಲೆಕ್ಕ.

ವಿಜಯನಗರ_ಎರಡನೇಹಂತ · 9:55

ಅಣ್ಣ, ನೋವು ಮಾಡಬೇಕು ಅಂತ ಹೇಳಲಿಲ್ಲ. ತಪ್ಪಾಯಿತು. ನಾಲೆ ನೀರಿನ ವಿಷಯ ನಾನು ಹಾಗೆ ಯೋಚನೆ ಮಾಡಿರಲಿಲ್ಲ.

ಹಳೇ_ಮೇಷ್ಟ್ರು · 10:05

ಕಬ್ಬಿನಗದ್ದೆಯವರು ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಗಮಂಗಲದ ಕಡೆ ಒಂದು ಬೂತಿಗೆ ನನ್ನನ್ನು ಡ್ಯೂಟಿಗೆ ಹಾಕಿದ್ದರು. ಇಂಕು ಹಚ್ಚುವ ಕೆಲಸ ನನ್ನದು. ಒಬ್ಬ ಕೂಲಿಯವರು ಬಂದು ಎಡಗೈ ಮೇಜಿನ ಮೇಲೆ ಇಟ್ಟರು. ತೋರುಬೆರಳೇ ಇಲ್ಲ. ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಹೋಯಿತಂತೆ. ನಾನು ಕಡ್ಡಿ ಹಿಡಿದುಕೊಂಡು ಒಂದು ಗಳಿಗೆ ಸುಮ್ನೆ ಕೂತೆ. ಅವರೇ ಹೇಳಿದರು, "ಪಕ್ಕದ ಬೆರಳಿಗೆ ಹಾಕಿ ಸ್ವಾಮಿ, ಹೋದ್ ಸತಿನೂ ಹಂಗೇ ಹಾಕಿದ್ರು." ನಿಯಮ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಉಗುರಿನ ತುದಿಯಿಂದ ಕೆಳಗೆ ಚರ್ಮದವರೆಗೆ ಗೆರೆ ಎಳೆದೆ. ಒಣಗುವವರೆಗೂ ಊದಿಕೊಂಡು ನಿಂತು, ಆಮೇಲೆ ಗುಂಡಿ ಒತ್ತಲು ಹೋದರು.

ಬನ್ನಿಮಂಟಪದವನು · 10:22

ಇಂಕಿನ ಮಾತು ಬಂತಲ್ಲ, ನಾನು ಸುಮ್ಮನಿರಲಾರೆ. ಆ ಇಂಕು ಹುಟ್ಟೋದು ನಮ್ಮ ಏರಿಯಾದಲ್ಲೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾಗಿದ್ದು. 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಇಲ್ಲಿಂದಲೇ ಇಂಕು. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಚರ್ಮದ ಉಪ್ಪಿನ ಜೊತೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ, ಉಗುರು ಬೆಳೆದ ಮೇಲೇ ಹೋಗೋದು.

ಅಮ್ಮನ ಪ್ರಶ್ನೆಗೆ ಇದೂ ಸೇರುತ್ತದೆ. ಇದೇ ಇಂಕು ಹೊರದೇಶಕ್ಕೂ ಹೋಗುತ್ತದೆ. ಆದರೆ ಹಚ್ಚುವ ರೀತಿ ಒಂದೊಂದು ಕಡೆ ಒಂದೊಂದು. ನಮ್ಮಲ್ಲಿ ಕಡ್ಡಿಯಲ್ಲಿ ಗೆರೆ, ಕಾಂಬೋಡಿಯಾದಲ್ಲಿ ಬೆರಳನ್ನೇ ಶೀಷೆಗೆ ಅದ್ದುತ್ತಾರೆ. ನಿಮ್ಮ ಮಗನ ಆಸ್ಟ್ರೇಲಿಯಾದಲ್ಲಿ ಇಂಕೇ ಇಲ್ಲ, ಹೆಸರು ಕೇಳಿ ಪಟ್ಟಿಯಲ್ಲಿ ಗುರುತು ಹಾಕಿ ಚೀಟಿ ಕೊಡುತ್ತಾರೆ. ಅಲ್ಲಿ ಸರ್ಕಾರ ಜನರ ಬಾಯಿಮಾತು ನಂಬುತ್ತದೆ. ಇಲ್ಲಿ ಬೆರಳು ನೋಡಿ ನಂಬುತ್ತದೆ.

ನಜರಬಾದ್_ಹುಡುಗಿ · 10:26

ಜಪಾನಿನಲ್ಲಿ ಅಭ್ಯರ್ಥಿ ಹೆಸರನ್ನು ಮತದಾರರೇ ಕೈಯಲ್ಲಿ ಬರೆಯಬೇಕು, ಗೊತ್ತಾ? ಅದಕ್ಕೇ ಅಲ್ಲಿ ಪೋಸ್ಟರಲ್ಲಿ ಹೆಸರನ್ನು ಎಲ್ಲರೂ ಓದೋ ಸುಲಭದ ಅಕ್ಷರದಲ್ಲಿ ದೊಡ್ಡದಾಗಿ ಹಾಕಿರುತ್ತಾರೆ.

ನ್ಯೂಜೆರ್ಸಿ_ಮೈಸೂರಿಗ · 10:30

ಅಮೆರಿಕದಲ್ಲಿ ಮಂಗಳವಾರ ವೋಟು. 1845ರ ಕಾನೂನು. ಆಗ ಜಾಸ್ತಿ ಜನ ರೈತರು. ಭಾನುವಾರ ಚರ್ಚು, ಬುಧವಾರ ಸಂತೆ, ಗಾಡಿ ಕಟ್ಟಿಕೊಂಡು ಪಟ್ಟಣಕ್ಕೆ ಬರಲು ಒಂದು ದಿನ ಬೇಕು. ಹಾಗಾಗಿ ಮಂಗಳವಾರ ಇಟ್ಟರು. ಗಾಡಿ ಹೋಗಿ ಕಾರು ಬಂತು, ಮಂಗಳವಾರ ಹಾಗೇ ಉಳಿಯಿತು. ದೇಶಕ್ಕೆಲ್ಲ ರಜೆ ಅನ್ನೋದು ಇಲ್ಲ. ಇಲ್ಲಿ ನಮ್ಮ ಆಫೀಸಿನವರು ಬೆಳಿಗ್ಗೆ ಆರಕ್ಕೆ ಹೋಗಿ ಹಾಕಿ ಬರುತ್ತಾರೆ. ನಮ್ಮೂರಲ್ಲಿ ಸಂಬಳದ ಜೊತೆ ರಜೆ ಕೊಟ್ಟರೂ ಮಡಿಕೇರಿಗೆ ಹೋಗುತ್ತಾರೆ ಅಂದರೆ ಬೇಜಾರಾಗುತ್ತದೆ.

ಮದ್ದೂರ್_ವಡೆ · 10:33

2024ರಲ್ಲಿ ಇಟ್ಟಿದ್ದು ಶುಕ್ರವಾರ. ಶನಿ, ಭಾನು ಸೇರಿಸಿ ಮೂರು ದಿನ. ಬುಧವಾರ ಇಟ್ಟು ನೋಡಲಿ.

ಮ್ಯೂನಿಕ್_ಕೆಆರ್‌ಪೇಟೆ · 11:18

ಎಲ್ಲ ಓದಿದೆ. ನಾನು ಹನ್ನೊಂದು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಅಮ್ಮ ಕೇಳಿದ ಚೀಲದ ಮಾತಿಗೆ ಬರುತ್ತೇನೆ.

ಇಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ತಗೊಂಡರೆ 25 ಸೆಂಟ್ ಠೇವಣಿ ಸೇರಿಸಿ ವಸೂಲಿ ಮಾಡುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಮೆಷಿನ್ನಿಗೆ ಕೊಟ್ಟರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. 2003ರಿಂದ ಇದೆ. ನನ್ನ ಮಗಳಿಗೆ ಆರು ವರ್ಷ, ಅವಳ ಪಾಕೆಟ್ ಮನಿಯೇ ಬಾಟಲಿ ಚೀಟಿ. ಇದೇ ನಾನು ಕೆ.ಆರ್. ಪೇಟೆಗೆ ಬಂದರೆ ಬಾಟಲಿ ಎಲ್ಲಿ ಇಟ್ಟೆ ಅಂತ ನೆನಪೂ ಇರುವುದಿಲ್ಲ. ಹಾಗಾಗಿ ಅಮ್ಮ, ನಿಮ್ಮ ಮಗ ಬದಲಾಗಿಲ್ಲ. ನಾನೂ ಬದಲಾಗಿಲ್ಲ.

ಕುವೆಂಪುನಗರ_ಬಸ್‌ಸ್ಟಾಪ್ · 11:25

ಜರ್ಮನಿವರೆಗೆ ಯಾಕೆ? ಊಟಿಗೆ ಹೋಗಿ. ನೀಲಗಿರಿಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ, ಖಾಲಿ ಬಾಟಲಿ ವಾಪಸ್ಸು ಕೊಟ್ಟರೆ 10 ರೂಪಾಯಿ ವಾಪಸ್ಸು. ಮದ್ರಾಸ್ ಹೈಕೋರ್ಟ್ ಹೇಳಿ ಮಾಡಿಸಿದ್ದು, ಕಾಡಿನಲ್ಲಿ ಆನೆ ಕಾಲಿಗೆ ಗಾಜು ಚುಚ್ಚುತ್ತದೆ ಅಂತ. ಬಂಡೀಪುರ ದಾಟಿ ಕಕ್ಕನಹಳ್ಳ ಚೆಕ್‌ಪೋಸ್ಟಿಗೆ ಬಂದ ಕೂಡಲೇ ನಮ್ಮ ಮೈಸೂರು ಜನ ಪ್ಲಾಸ್ಟಿಕ್ ನೀರಿನ ಬಾಟಲಿ ಕೆಳಗೆ ಕೊಟ್ಟು ಸ್ಟೀಲ್ ಬಾಟಲಿ ತೆಗೆಯುತ್ತಾರೆ. ಅದೇ ಕಾರು, ಅದೇ ಮನುಷ್ಯ.

ನಜರಬಾದ್_ಹುಡುಗಿ · 11:31

ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಪೂರ್ತಿ ನಿಷೇಧ ಇದೆ. ಈಗಲೂ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಡೋದು ಅದರಲ್ಲೇ. ಇಂಗ್ಲೆಂಡಿನಲ್ಲಿ ನಿಷೇಧ ಮಾಡಲಿಲ್ಲ, 2015ರಲ್ಲಿ ಚೀಲಕ್ಕೆ 5 ಪೆನ್ಸ್ ಇಟ್ಟರು, ದೊಡ್ಡ ಅಂಗಡಿಗಳಲ್ಲಿ ಬಳಕೆ ಧಡಕ್ಕನೆ ಇಳಿಯಿತು. ಬೇಡ ಅನ್ನುವುದಕ್ಕಿಂತ ಬೆಲೆ ಇಡೋದೇ ಕೆಲಸ ಮಾಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ಶಿವರಾಂಪೇಟೆ_ಅಂಗಡಿ · 12:10

ನಾನು ಮೂವತ್ತು ವರ್ಷದಿಂದ ದಿನಸಿ ಅಂಗಡಿ ಇಟ್ಟಿದ್ದೇನೆ. ಗಿರಾಕಿ ಏನು ತಗೊಳ್ಳುತ್ತಾರೆ ಅನ್ನೋದು ಅವರಿಗೆ ಸಂಬಳ ಯಾವಾಗ ಬರುತ್ತದೆ ಅನ್ನೋದರ ಮೇಲೆ ನಿಂತಿದೆ. ದಿನಗೂಲಿಯವರು ಸಂಜೆ ಬಂದು ಒಂದು ಸ್ಯಾಷೆ ಶಾಂಪೂ, ಕಾಲು ಕೆಜಿ ಬೇಳೆ, ಐವತ್ತು ಗ್ರಾಂ ಟೀಪುಡಿ ತಗೊಳ್ಳುತ್ತಾರೆ. ತಿಂಗಳ ಸಂಬಳದವರು ಒಂದನೇ ತಾರೀಖು ಚೀಟಿ ತರುತ್ತಾರೆ. ನಮ್ಮ ಅಣ್ಣನ ಮಗ ಅಮೆರಿಕದಿಂದ ಬಂದಾಗ ಸ್ಯಾಷೆ ಸರ ನೋಡಿ ಇದು ಕಸ ಅಂದ. ನಾನು ಹೇಳಿದೆ, ನಿನಗೆ ಕಾರಿದೆ, ದೊಡ್ಡ ಫ್ರಿಜ್ಜಿದೆ, ನೀನು ಡಬ್ಬಿಗಟ್ಟಲೆ ತರುತ್ತೀಯ. ಇವರ ಕೈಯಲ್ಲಿ ಇವತ್ತು ಇರೋದು ಇವತ್ತಿನ ದುಡ್ಡು.

ಇನ್ನೊಂದು. ಎಂಆರ್‌ಪಿ ಅನ್ನೋದು ಅಮೆರಿಕದಲ್ಲಿ ಇಲ್ಲವಂತೆ. ಒಂದೇ ಬೀದಿಯಲ್ಲಿ ಒಂದೇ ನೀರಿನ ಬಾಟಲಿಗೆ ಮೂರು ರೇಟು. ಮೇಲೆ ಬಿಲ್ ಮಾಡುವಾಗ ತೆರಿಗೆ ಬೇರೆ ಸೇರುತ್ತದೆ. ನಮ್ಮಲ್ಲೂ ಮೊದಲು ಪೊಟ್ಟಣದ ಮೇಲೆ "ಸ್ಥಳೀಯ ತೆರಿಗೆ ಪ್ರತ್ಯೇಕ" ಅಂತ ಇರುತ್ತಿತ್ತು, ಹಳಬರಿಗೆ ನೆನಪಿರಬೇಕು. ಒಬ್ಬೊಬ್ಬ ಅಂಗಡಿಯವನು ಬಾಯಿಗೆ ಬಂದಷ್ಟು ತೆರಿಗೆ ಹೇಳುತ್ತಿದ್ದ. 1990ರಲ್ಲಿ ಎಲ್ಲ ಸೇರಿಸಿ ಒಂದೇ ಬೆಲೆ ಅಚ್ಚು ಮಾಡಬೇಕು ಅಂತಾಯಿತು. ಓದಲು ಬರದ ಅಜ್ಜಿ ಕೂಡ ಪಕ್ಕದ ಹುಡುಗನ ಹತ್ತಿರ ಓದಿಸಿ ನನ್ನನ್ನು ಹಿಡಿಯಬಹುದು. ಅದು ಒಳ್ಳೆಯದೇ.

ನ್ಯೂಜೆರ್ಸಿ_ಮೈಸೂರಿಗ · 12:16

ಅಣ್ಣ ಹೇಳಿದ್ದು ಸರಿ. ಬೆಲೆ ಚೀಟಿಯಲ್ಲಿ 10 ಡಾಲರ್ ಅಂದರೆ ಕೌಂಟರಲ್ಲಿ ಅದಕ್ಕಿಂತ ಜಾಸ್ತಿ. ಬಂದ ಹೊಸದರಲ್ಲಿ ಚಿಲ್ಲರೆ ಎಣಿಸಿಕೊಂಡು ಹೋಗಿ ಕಡಿಮೆ ಬಿದ್ದು, ಸಾಲಲ್ಲಿ ಹಿಂದೆ ಇದ್ದವರು ಕೊಟ್ಟರು.

ಟೊರೊಂಟೊ_ಅಕ್ಕ · 13:02

ಹಾಲಿನ ಬಗ್ಗೆ ಯಾರೂ ಹೇಳಲಿಲ್ಲ! ಇಲ್ಲಿ ಒಂಟಾರಿಯೊದಲ್ಲಿ ಹಾಲು ನಮ್ಮ ನಂದಿನಿ ಥರ ಪ್ಯಾಕೆಟ್ಟಿನಲ್ಲೇ ಬರುತ್ತದೆ. ಮೂರು ಪ್ಯಾಕೆಟ್ ಸೇರಿ 4 ಲೀಟರ್. ಜಗ್ಗಿನಲ್ಲಿ ನಿಲ್ಲಿಸಿ ಮೂಲೆ ಕತ್ತರಿಸಿ ಹಾಗೇ ಫ್ರಿಜ್ಜಿನಲ್ಲಿ ಇಡುತ್ತಾರೆ, ಕಾಯಿಸುವ ಮಾತೇ ಇಲ್ಲ. ಮೊದಲ ದಿನ ನೋಡಿ ಅಮ್ಮನ ನೆನಪಾಗಿ ಕಣ್ಣು ತುಂಬಿತ್ತು. ಕೆನಡಾದ ಪಶ್ಚಿಮದ ಕಡೆ ಹೋದರೆ ಪ್ಯಾಕೆಟ್ ಹಾಲು ಅಂದರೆ ಆಶ್ಚರ್ಯ ಪಡುತ್ತಾರೆ.

ಇಲ್ಲಿ ಯಾವ ರೈತ ಎಷ್ಟು ಹಾಲು ಕರೆಯಬೇಕು ಅನ್ನೋದಕ್ಕೇ ಕೋಟಾ ಇದೆ, 1970ರ ದಶಕದಿಂದ. ಹೊರಗಿನ ಹಾಲು ಒಂದು ಮಿತಿ ದಾಟಿದರೆ 200 ಶೇಕಡಾ ಮೀರಿದ ಸುಂಕ. ಅಮೆರಿಕಕ್ಕಿಂತ ದುಬಾರಿ. ಹಾಗಂತ ಕೋಟಾ ತೆಗೆಯುತ್ತೇವೆ ಅಂತ ಹೇಳಲು ಇಲ್ಲಿನ ಯಾವ ದೊಡ್ಡ ಪಕ್ಷಕ್ಕೂ ಧೈರ್ಯ ಇಲ್ಲ, ಹಾಲಿನ ರೈತರ ವೋಟು ಹೋಗುತ್ತದೆ.

ಕಬ್ಬಿನಗದ್ದೆ_ಪಾಂಡವಪುರ · 13:20

ಅಕ್ಕ, ಇಲ್ಲೂ ಅದೇ. 2025ರ ಏಪ್ರಿಲ್ 1ಕ್ಕೆ ನಂದಿನಿ ಲೀಟರಿಗೆ 4 ರೂಪಾಯಿ ಜಾಸ್ತಿ ಆಯಿತು. ಮೈಸೂರಿನ ನಮ್ಮ ತಂಗಿ ಫೋನ್ ಮಾಡಿ ಬೈದಳು. ಡೈರಿಗೆ ಹಾಲು ಹಾಕೋ ನನ್ನ ಹೆಂಡತಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಒಂದೇ ಮನೆ ಜನ, ಒಬ್ಬರು ಕೊಳ್ಳುವವರು, ಒಬ್ಬರು ಕರೆಯುವವರು.

ಹೆಬ್ಬಾಳ್_ಇಂಜಿನಿಯರ್ · 14:05

ಕಬ್ಬಿನಗದ್ದೆ ಅಣ್ಣ, ನಿಮಗೆ ಒಂದು ವಿಷಯ ಹೇಳಬೇಕು. ಕಂಪನಿ ಕೆಲಸಕ್ಕೆ ನಾನು ಎರಡು ವರ್ಷ ಬ್ರೆಜಿಲ್‌ನಲ್ಲಿದ್ದೆ. ಸಾವೊ ಪಾವ್ಲೊ ನಗರ ದಾಟಿದರೆ ಕಣ್ಣು ಹೋದಷ್ಟು ದೂರ ಕಬ್ಬು. ಅಲ್ಲಿ 1975ರಲ್ಲೇ ಸರ್ಕಾರ ಕಬ್ಬಿನಿಂದ ಇಂಧನ ಮಾಡಲು ಯೋಜನೆ ತಂದಿತು. 2003ರಿಂದ ಎರಡೂ ಹಾಕಬಹುದಾದ ಕಾರು ಬಂತು. ಬಂಕಿನಲ್ಲಿ ಪೆಟ್ರೋಲಿನ ಪಕ್ಕದಲ್ಲೇ ಎಥೆನಾಲ್. ಟ್ಯಾಕ್ಸಿ ಡ್ರೈವರ್ ಬೋರ್ಡ್ ನೋಡುತ್ತಾರೆ, ಎಥೆನಾಲ್ ರೇಟು ಪೆಟ್ರೋಲಿನ ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ ಎಥೆನಾಲ್, ಇಲ್ಲದಿದ್ದರೆ ಪೆಟ್ರೋಲ್. ಮೈಲೇಜಿನ ಲೆಕ್ಕ ಅದು. ಪ್ರತಿ ಸಲ ಆರಿಸೋದು ಗಿರಾಕಿ.

ಅಲ್ಲೂ ವೋಟು ಕಡ್ಡಾಯ, 18ರಿಂದ 70 ವರ್ಷದವರಿಗೆ. 16, 17ರವರು ಇಷ್ಟ ಇದ್ದರೆ ಹಾಕಬಹುದು. 1996ರಿಂದ ಮೆಷಿನ್ನು. ನಂಬರ್ ಒತ್ತಿದರೆ ಅಭ್ಯರ್ಥಿ ಫೋಟೋ ಬರುತ್ತದೆ, ನೋಡಿ ಖಾತ್ರಿ ಮಾಡಿ ಹಸಿರು ಗುಂಡಿ ಒತ್ತಬೇಕು.

ಮದ್ದೂರ್_ವಡೆ · 14:11

ನಮಗೆ ಇ20, ಅಂದರೆ ನೂರಕ್ಕೆ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಕೊಟ್ಟಿದ್ದಾರಲ್ಲ, ಅದರಲ್ಲಿ ಆರಿಸೋದು ಎಲ್ಲಿ? ನನ್ನ ಬೈಕು 2014ರದು. ಬಂಕಿನಲ್ಲಿ ಬೇರೆ ಪೆಟ್ರೋಲ್ ಕೇಳಿದರೆ ದುಬಾರಿದು ತೋರಿಸುತ್ತಾರೆ.

ಕಬ್ಬಿನಗದ್ದೆ_ಪಾಂಡವಪುರ · 14:30

ತಮ್ಮ, ನಿನ್ನ ಬೈಕಿನ ಕಷ್ಟ ಗೊತ್ತಾಗುತ್ತದೆ. ಆದರೆ ಫ್ಯಾಕ್ಟರಿಯವರು ಎಥೆನಾಲ್ ಮಾರಿದರೆ ನಮ್ಮ ಬಾಕಿ ಬೇಗ ಬರುತ್ತದೆ ಅಂತ ಆಸೆ ಇಟ್ಟುಕೊಂಡಿದ್ದೇವೆ. ಈಗ ನೋಡಿದರೆ ಎಥೆನಾಲ್‌ಗೆ ಕಬ್ಬಿಗಿಂತ ಮೆಕ್ಕೆಜೋಳ, ಅಕ್ಕಿಯೇ ಜಾಸ್ತಿ ಹೋಗುತ್ತಿದೆ.

ಹೆಬ್ಬಾಳ್_ಇಂಜಿನಿಯರ್ · 14:38

ಇಬ್ಬರೂ ಹೇಳೋದು ಸರಿ. ಬ್ರೆಜಿಲ್ ಮೊದಲು ಕಾರನ್ನು ತಯಾರು ಮಾಡಿಸಿ ಆಮೇಲೆ ಆರಿಸೋ ಕೆಲಸ ಜನರಿಗೆ ಬಿಟ್ಟಿತು. ನಾರ್ವೆ ಕೂಡ ಹಾಗೇ, ಎಲೆಕ್ಟ್ರಿಕ್ ಕಾರಿನ ತೆರಿಗೆ ತೆಗೆದು ಪೆಟ್ರೋಲ್ ಕಾರಿಗೆ ಜಾಸ್ತಿ ಹಾಕಿತು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರು ಹತ್ತರಲ್ಲಿ ಸುಮಾರು ಒಂಬತ್ತು ಎಲೆಕ್ಟ್ರಿಕ್. ನಮ್ಮಲ್ಲಿ ಹಳೇ ಗಾಡಿಯವರನ್ನು ಯಾರೂ ಕೇಳಲಿಲ್ಲ.

ವಿಜಯನಗರ_ಎರಡನೇಹಂತ · 15:00

ಹಾಗಾದರೆ ಎಲ್ಲ ಕಾನೂನು, ಬೆಲೆ, ತೆರಿಗೆ. ಜನರ ಗುಣ ಅನ್ನೋದು ಏನೂ ಇಲ್ಲವಾ? ನಾನು ಒಪ್ಪುವುದಿಲ್ಲ.

ಮ್ಯೂನಿಕ್_ಕೆಆರ್‌ಪೇಟೆ · 15:24

ಇದೆ ಸಾರ್. ಪಕ್ಕದ ಸ್ವಿಟ್ಜರ್ಲೆಂಡ್ ನೋಡಿ. ಅಲ್ಲಿ ವರ್ಷಕ್ಕೆ ನಾಲ್ಕು ಸಲದವರೆಗೂ ಜನರ ಮುಂದೆ ಪ್ರಶ್ನೆ ಇಡುತ್ತಾರೆ. 2012ರಲ್ಲಿ ಎಲ್ಲ ಕೆಲಸಗಾರರಿಗೂ ವರ್ಷಕ್ಕೆ ಆರು ವಾರ ಸಂಬಳದ ರಜೆ ಕೊಡಬೇಕಾ ಅಂತ ಕೇಳಿದರು. ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು! ರಜೆ ಕೊಟ್ಟರೆ ಸಣ್ಣ ಕಂಪನಿಗೆ ಹೊರೆ ಅಂತ. ಅದೇ ದೇಶದಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ವೋಟು ಸಿಕ್ಕಿದ್ದು 1971ರಲ್ಲಿ. ಯಾಕೆಂದರೆ ಅದನ್ನೂ ಗಂಡಸರ ವೋಟಿಗೇ ಇಟ್ಟಿದ್ದರು.

ಸರಸ್ವತಿಪುರಂ_ಅಮ್ಮ · 15:40

1971? ನಮ್ಮಮ್ಮ 1952ರಲ್ಲೇ ಹಾಕಿದ್ದರು. ನಾಲ್ಕನೇ ಕ್ಲಾಸು ಓದಿದವರು.

ಹಳೇ_ಮೇಷ್ಟ್ರು · 15:52

ನಮ್ಮ ಮೈಸೂರು ಇನ್ನೂ ಹಿಂದೆ ಹೋಗುತ್ತದೆ ಅಮ್ಮ. ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿಸಿದರು, ಟೌನ್‌ಹಾಲ್‌ಗೆ ಅವರ ಹೆಸರೇ ಇದೆ. ಮೊದಲು ಆಯ್ದ ಜನ, ಆಮೇಲೆ ಆಸ್ತಿ ಇದ್ದವರ ವೋಟು. ಎಲ್ಲರಿಗೂ ಬರಲು ಸ್ವಾತಂತ್ರ್ಯ ಬೇಕಾಯಿತು.

ಕಬ್ಬಿನಗದ್ದೆ_ಪಾಂಡವಪುರ · 16:45

ಜನರ ಗುಣದ ಬಗ್ಗೆ ವಿಜಯನಗರದವರು ಕೇಳಿದರು. ನನಗೆ ಗೊತ್ತಿರೋ ಒಂದು ಹೇಳುತ್ತೇನೆ, ಬೆಲ್ಲ.

ನಮ್ಮ ಭಾವನ ಆಲೆಮನೆ ಇದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆದರೆ ಸಾಕು, ಬೆಲ್ಲ ಆಗುತ್ತದೆ. ಆದರೆ ಕಂದು ಬಣ್ಣ ಬರುತ್ತದೆ. ಮಾರ್ಕೆಟ್ಟಿಗೆ ಹೋದರೆ ಮೊದಲು ನೋಡೋದು ಬಣ್ಣ. ಕಪ್ಪಗಿದ್ದರೆ ರೇಟು ಇಳಿಸುತ್ತಾರೆ. ಹಾಗಾಗಿ ಎಷ್ಟೋ ಆಲೆಮನೆಯಲ್ಲಿ ಹೈಡ್ರೋಸ್ ಅನ್ನೋ ರಾಸಾಯನಿಕ ಪುಡಿ ಹಾಕುತ್ತಾರೆ, ಬೆಲ್ಲ ಹಳದಿಗೆ ತಿರುಗುತ್ತದೆ. ಒಂದು ಸಲ ಭಾವ ಹಟ ಮಾಡಿ ಪುಡಿ ಇಲ್ಲದೆ ಎರಡು ಕೊಪ್ಪರಿಗೆ ಇಳಿಸಿದರು. ಅಚ್ಚಿನಿಂದ ತೆಗೆದಾಗ ಬೆಲ್ಲ ಹುಣಸೆಹಣ್ಣಿನ ಬಣ್ಣ, ಬೆಚ್ಚಗೆ, ವಾಸನೆ ಇಡೀ ಗದ್ದೆಗೆ ಹರಡಿತ್ತು. ಮೂಟೆ ಕಟ್ಟಿ ತಗೊಂಡು ಹೋದರು. ಸಂಜೆವರೆಗೂ ಯಾರೂ ಮುಟ್ಟಲಿಲ್ಲ. ಕೊನೆಗೆ ಪುಡಿ ಹಾಕಿದ ಬೆಲ್ಲಕ್ಕಿಂತ ಕಡಿಮೆಗೆ ಕೊಟ್ಟು ಬಂದರು. ಆಮೇಲೆ ಅವರೂ ಪುಡಿ ತಂದಿಟ್ಟರು. ಯಾರನ್ನು ಬೈಯಲಿ ಹೇಳಿ. ಹಳದಿ ಬೆಲ್ಲ ಬೇಕು ಅನ್ನೋದು ಯಾವ ಕಾನೂನೂ ಅಲ್ಲ, ಅದು ನಮ್ಮ ಜನರ ಕಣ್ಣು.

ನಜರಬಾದ್_ಹುಡುಗಿ · 16:58

ಅಣ್ಣ, ಜಪಾನಿನ ಒಕಿನಾವಾದಲ್ಲಿ ಕಪ್ಪು ಬೆಲ್ಲಕ್ಕೇ ಬೆಲೆ. ಕೊಕುಟೊ ಅಂತಾರೆ. ಸಣ್ಣ ಚೂರು ಮಾಡಿ ಪೊಟ್ಟಣ ಕಟ್ಟಿ ಟೀ ಜೊತೆ ತಿನ್ನಲು ಮಾರುತ್ತಾರೆ. ಗೆಳತಿ ತಂದುಕೊಟ್ಟಿದ್ದಳು. ಬಾಯಿಗಿಟ್ಟ ತಕ್ಷಣ ಅಜ್ಜಿ ಮನೆ ಬೆಲ್ಲ ಅನ್ನಿಸಿತು.

ಶಿವರಾಂಪೇಟೆ_ಅಂಗಡಿ · 17:15

ನನ್ನ ಅಂಗಡಿಯಲ್ಲಿ ನಾನೂ ಹಳದಿ ಬೆಲ್ಲವನ್ನೇ ಮುಂದೆ ಇಡುತ್ತಿದ್ದೆ. ಗಿರಾಕಿ ಕೇಳೋದು ಅದನ್ನೇ ಅಂತ. ಕಬ್ಬಿನಗದ್ದೆಯವರೇ, ನಿಮ್ಮ ಭಾವನಿಗೆ ಹೇಳಿ. ಪುಡಿ ಇಲ್ಲದ ಅಚ್ಚು ಬೆಲ್ಲ 50 ಕೆಜಿ ಕಳಿಸಲಿ, ಹಳದಿ ಬೆಲ್ಲದ ರೇಟೇ ಕೊಡುತ್ತೇನೆ. ಮುಂದಿನ ಸಾಲಿನಲ್ಲಿ ಇಟ್ಟು, ಬಂದವರಿಗೆ ಒಂದೊಂದು ಚೂರು ಬಾಯಿಗೆ ಕೊಟ್ಟು ನೋಡುತ್ತೇನೆ.

ಸರಸ್ವತಿಪುರಂ_ಅಮ್ಮ · 17:22

ನನಗೆ 5 ಕೆಜಿ ಎತ್ತಿಡಿ. ಎರಡು ಮಗನಿಗೆ ಕಳಿಸುತ್ತೇನೆ.

ಕಬ್ಬಿನಗದ್ದೆ_ಪಾಂಡವಪುರ · 18:40

ಭಾವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ಬುಧವಾರ ಗಾಣ ಇದೆ, ಮೊದಲನೇ ಕೊಪ್ಪರಿಗೆ ಹಾಗೇ ಇಳಿಸುತ್ತೇನೆ ಅಂದರು. ಶಿವರಾಂಪೇಟೆ ಅಣ್ಣ, ಅಂಗಡಿ ಯಾವ ರಸ್ತೆಯಲ್ಲಿ ಬರುತ್ತದೆ?